ತೋಟದ ಮದ್ದು ಮತ್ತು ನಮ್ಮ ಮೈ: ರಂಜಕ ಕೀಟನಾಶಕಗಳ ಬಗ್ಗೆ ಒಂದು ಪಾಠ



ಅಡಿಕೆ ಕೊನೆಗೆ ಬೋರ್ಡೋ ದ್ರಾವಣ ಸಿಂಪಡಿಸುವುದಕ್ಕೆ ನಮ್ಮ ಸೀಮೆಯಲ್ಲಿ 'ಮದ್ದು ಹೊಡೆಯುವುದು' ಎನ್ನುತ್ತೇವೆ. ಕಾಫಿ ಗಿಡದ ಕಾಂಡಕೊರಕಕ್ಕೆ ಕ್ಲೋರ್‌ಪೈರಿಫಾಸ್ ಹೊಡೆಯುವುದಕ್ಕೂ ಅದೇ ಮಾತು. ಮೈಲುತುತ್ತವೂ ಮದ್ದು, ಇದೂ ಮದ್ದು. ಹೆಸರು ಒಂದೇ ಆದುದರಿಂದ ಕೈಯ ಅಭ್ಯಾಸವೂ ಒಂದೇ ಆಗಿಬಿಟ್ಟಿದೆ. ತಲೆಮಾರುಗಳಿಂದ ತುತ್ತ ಸುಣ್ಣ ಕಲಸಿ ಬಂದ ಕೈ ನಮ್ಮದು. ಕೈ ನೀಲಿಯಾದರೆ ಹಳ್ಳದಲ್ಲಿ ತೊಳೆದುಕೊಂಡು ಊಟಕ್ಕೆ ಕುಳಿತವರು ನಾವು. ತುತ್ತವೂ ಕಣ್ಣಿಗೆ ಹೊಟ್ಟೆಗೆ ಒಳ್ಳೆಯದಲ್ಲ, ನಿಜ. ಆದರೆ ಬರಿಗೈಯಲ್ಲಿ ತುತ್ತ ಕಲಸಿ ಆಸ್ಪತ್ರೆ ಸೇರಿದವರು ಅಪರೂಪ. ಅದೇ ಬರಿಗೈಯಲ್ಲಿ ರಂಜಕ ಕೀಟನಾಶಕ ಅಳೆದರೆ ಪರಿಣಾಮ ಬೇರೆ. ಅದು ಏಕೆ ಬೇರೆ, ಅದನ್ನು ಹೇಗೆ ನಿರ್ವಹಿಸಬೇಕು ಎಂಬುದೇ ಈ ಪಾಠದ ವಿಷಯ.

ನಮ್ಮ ತೋಟದಲ್ಲೇ ನಡೆದದ್ದು

ಪರರ ತಪ್ಪು ಹೇಳುವ ಮುನ್ನ ನಮ್ಮದನ್ನು ಹೇಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ಅಕ್ಟೋಬರ್ ಕೊನೆಯಲ್ಲಿ ನಮ್ಮ ಅರೇಬಿಕಾ ತಾಕಿನಲ್ಲಿ ಕಾಂಡಕೊರಕದ ಮದ್ದು ಹೊಡೆಸುತ್ತಿದ್ದೆವು. ಬೆನ್ನಿನ ಪಂಪು ಹಳೆಯದು. ಮುಚ್ಚಳದ ವಾಷರು ಸವೆದು ಸ್ವಲ್ಪ ಸೋರುತ್ತಿತ್ತು. ನಾಲ್ಕು ದಿನದಿಂದ ಒಬ್ಬನೇ ಆಳು ಮದ್ದನ್ನು ಬಾಟ್ಲಿಯ ಮುಚ್ಚಳದಲ್ಲಿ ಅಳೆದು, ಬೆರೆಸಿ, ಹೊಡೆಯುತ್ತಿದ್ದ. ಅಂಗಿಯ ಬೆನ್ನು ಒದ್ದೆಯಾಗಿದ್ದುದನ್ನು ನಾವೂ ಕಂಡಿದ್ದೆವು, ಮೇಸ್ತ್ರಿಯೂ ಕಂಡಿದ್ದ. ಬೆವರು ಎಂದುಕೊಂಡೆವು.

ನಾಲ್ಕನೆಯ ದಿನ ಸಂಜೆ ಅವನು ಅಂಗಳಕ್ಕೆ ಬಂದು, "ತಲೆ ಸುತ್ತುತ್ತೆ ಅಯ್ಯಾ, ಕಣ್ಣು ಮಂಜಾಗಿದೆ" ಎಂದ. ಬಿಸಿಲಿನ ಝಳ ಇರಬೇಕೆಂದು ಮಜ್ಜಿಗೆ ಕೊಡಿಸಿ ಲೈನು ಮನೆಗೆ ಕಳುಹಿಸಿದೆವು. ರಾತ್ರಿ ಒಂಬತ್ತು ಗಂಟೆಗೆ ಅವನ ಹೆಂಡತಿ ಓಡಿ ಬಂದಳು. ಹೋಗಿ ನೋಡಿದರೆ ಬಾಯಿಂದ ಜೊಲ್ಲು, ಮೈಯೆಲ್ಲ ಬೆವರು, ಎದೆಯಲ್ಲಿ ಗೊರಗೊರ ಸದ್ದು, ತೊಡೆಯ ಸ್ನಾಯು ತಾನಾಗಿ ಅದುರುತ್ತಿತ್ತು. ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು.

ವೈದ್ಯರು ಮೂರೇ ಪ್ರಶ್ನೆ ಕೇಳಿದರು. ಮದ್ದಿನ ಹೆಸರೇನು? ಎಷ್ಟು ಹೊತ್ತಾಯಿತು? ಹೊಡೆಯುವಾಗ ತೊಟ್ಟಿದ್ದ ಅಂಗಿ ಎಲ್ಲಿ? ಬಾಟ್ಲಿಯ ಚೀಟಿ ಕಿತ್ತುಹೋಗಿತ್ತು. ಹೊತ್ತು ಸರಿಯಾಗಿ ಗೊತ್ತಿರಲಿಲ್ಲ. ಅಂಗಿ ಅವನ ಮೈಮೇಲೇ ಇತ್ತು! ಸಂಜೆಯಿಂದ ಅಷ್ಟು ಹೊತ್ತೂ ವಿಷ ಅವನ ಬೆನ್ನಿನ ಚರ್ಮದ ಮೂಲಕ ಒಳಗೆ ಇಳಿಯುತ್ತಲೇ ಇತ್ತು. ಅವನು ಬದುಕಿದ, ಎಂಟು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ. ಬಿ.ಎಸ್ಸಿ. ಓದಿದ ನಮಗೆ, ಪುಸ್ತಕದಲ್ಲಿ ಕಲಿತದ್ದು ತೋಟದಲ್ಲಿ ನೆನಪಾಗಲಿಲ್ಲವಲ್ಲ ಎಂಬ ಕೊರಗು ಇಂದಿಗೂ ಇದೆ.

ಈ ಮದ್ದು ಯಾವುದು, ಎಲ್ಲಿಂದ ಬಂತು?

ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಡೈಮಿಥೋಯೇಟ್, ಮಾನೋಕ್ರೋಟೋಫಾಸ್, ಫೋರೇಟ್, ಮ್ಯಾಲಾಥಿಯಾನ್ ಇವೆಲ್ಲ ಒಂದೇ ಕುಟುಂಬದವು. ಶಾಸ್ತ್ರದಲ್ಲಿ ಇವಕ್ಕೆ ಸಾವಯವ ರಂಜಕ ಸಂಯುಕ್ತಗಳು ಎಂದು ಹೆಸರು. ಇಲ್ಲಿನ 'ಸಾವಯವ' ಪದಕ್ಕೂ ಗೊಬ್ಬರದ ಸಾವಯವ ಕೃಷಿಗೂ ಸಂಬಂಧವಿಲ್ಲ. ಇಂಗಾಲದ ಜೊತೆ ರಂಜಕ ಸೇರಿದ ವಸ್ತು ಎಂದಷ್ಟೇ ಅರ್ಥ.

ಇವು ಹುಟ್ಟಿದ್ದು ಪ್ರಯೋಗಾಲಯದಲ್ಲಿ. ಜರ್ಮನಿಯ ಲೆವರ್ಕುಸೆನ್‌ನಲ್ಲಿ ಗೆರ್ಹಾರ್ಡ್ ಶ್ರಾಡರ್ ಎಂಬ ರಸಾಯನಶಾಸ್ತ್ರಜ್ಞ ಹೊಸ ಕೀಟನಾಶಕ ಹುಡುಕುತ್ತಿದ್ದಾಗ 1936ರಲ್ಲಿ ಟಾಬುನ್ ಎಂಬ ವಸ್ತುವನ್ನು ತಯಾರಿಸಿದನು. 1937ರ ಜನವರಿಯಲ್ಲಿ ಅದರ ಒಂದು ಹನಿ ಮೇಜಿನ ಮೇಲೆ ಚೆಲ್ಲಿತು. ಅವನಿಗೂ ಸಹಾಯಕನಿಗೂ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿ, ತಲೆ ಸುತ್ತಿ, ಉಸಿರು ಕಟ್ಟಿತು. ಚೇತರಿಸಿಕೊಳ್ಳಲು ವಾರಗಳೇ ಬೇಕಾದವು. ಆ ವಸ್ತು ಯುದ್ಧದ ವಿಷಾನಿಲವಾಯಿತು. ಅದೇ ಶ್ರಾಡರ್ 1944ರಲ್ಲಿ ರೂಪಿಸಿದ ಪ್ಯಾರಾಥಿಯಾನ್ ಹೊಲಗಳಿಗೆ ಬಂತು. ನಮ್ಮ ಉಗ್ರಾಣದಲ್ಲಿರುವ ಮದ್ದು ಟಾಬುನ್‌ನಷ್ಟು ತೀಕ್ಷ್ಣವಲ್ಲ. ಆದರೆ ಮೈಯೊಳಗೆ ಅದು ಮಾಡುವ ಕೆಲಸ ಅದೇ. ವ್ಯತ್ಯಾಸ ಪ್ರಮಾಣದಲ್ಲಿ ಮಾತ್ರ.

ಮೈಯೊಳಗೆ ಏನಾಗುತ್ತದೆ?

ನರದಿಂದ ಸ್ನಾಯುವಿಗೆ, ಗ್ರಂಥಿಗೆ ಆಜ್ಞೆ ಹೋಗಬೇಕಾದರೆ ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ದ್ರವ್ಯ ಒಸರುತ್ತದೆ. ಆಜ್ಞೆ ತಲುಪಿದ ಕೂಡಲೇ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಅದನ್ನು ಒಡೆದು ಜಾಗ ಖಾಲಿ ಮಾಡುತ್ತದೆ. ಅಡಿಕೆ ತೋಟದ ಉಪಮೆ ಹೇಳುವುದಾದರೆ, ಮಳೆನೀರು ಬರುವುದೂ ಬೇಕು, ಬಸಿಗಾಲುವೆಯಲ್ಲಿ ಹರಿದುಹೋಗುವುದೂ ಬೇಕು. ರಂಜಕ ಕೀಟನಾಶಕ ಆ ಕಿಣ್ವಕ್ಕೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತದೆ. ಎಂದರೆ ಬಸಿಗಾಲುವೆ ಮುಚ್ಚಿದ ಹಾಗೆ. ನೀರು ನಿಂತು ಬೇರು ಕೊಳೆಯುವಂತೆ, ಒಸರಿದ ದ್ರವ್ಯ ನಿಂತು ನರಗಳು ಬಿಡುವಿಲ್ಲದೆ ಆಜ್ಞೆ ಕೊಡುತ್ತಲೇ ಇರುತ್ತವೆ. ಜೊಲ್ಲು, ಕಣ್ಣೀರು, ಬೆವರು ಸುರಿಯುತ್ತವೆ, ವಾಂತಿ ಭೇದಿಯಾಗುತ್ತದೆ, ಶ್ವಾಸಕೋಶದಲ್ಲಿ ಕಫ ತುಂಬುತ್ತದೆ, ಸ್ನಾಯುಗಳು ಮೊದಲು ಅದುರಿ, ನಂತರ ಸೋಲುತ್ತವೆ. ಉಸಿರಾಟದ ಸ್ನಾಯು ಸೋತಾಗ ಮರಣ. ಹುಳ ಸಾಯುವುದೂ ಇದೇ ದಾರಿಯಲ್ಲಿ.

ಇದರಿಂದ ಎರಡು ವಿಷಯ ಗಮನಿಸಬೇಕು.

ಮೊದಲನೆಯದು, ಈ ವಿಷ ಒಳಗೆ ಹೋಗಲು ಕುಡಿಯಬೇಕಾಗಿಲ್ಲ. ಕೊಬ್ಬಿನಲ್ಲಿ ಕರಗುವ ವಸ್ತುವಾದುದರಿಂದ ಅಖಂಡ ಚರ್ಮದ ಮೂಲಕವೂ ಇಳಿಯುತ್ತದೆ. ಬೆವರಿದ, ಬಿಸಿಯಾದ, ಗಾಯವಾದ ಚರ್ಮದಲ್ಲಿ ಬೇಗ ಇಳಿಯುತ್ತದೆ. ಉರಿ ಇಲ್ಲ, ನೋವಿಲ್ಲ. ಆದ್ದರಿಂದ ತಿಳಿಯುವುದೇ ಇಲ್ಲ.

ಎರಡನೆಯದು, ಕಳೆದುಕೊಂಡ ಕಿಣ್ವ ಮತ್ತೆ ತುಂಬಿಕೊಳ್ಳಲು ವಾರಗಳು ಹಿಡಿಯುತ್ತವೆ. ಸಂಘದ ಪಾಸ್‌ಬುಕ್ಕಿನಲ್ಲಿ ಜಮಾ ಇಲ್ಲದೆ ದಿನವೂ ಹಣ ತೆಗೆದ ಹಾಗೆ. ಮೂರು ದಿನ ಏನೂ ಆಗದವನು ನಾಲ್ಕನೆಯ ದಿನ ಅಷ್ಟೇ ಮದ್ದಿಗೆ ಬೀಳುತ್ತಾನೆ. "ನಿನ್ನೆ ಮೊನ್ನೆ ಏನೂ ಆಗಿರಲಿಲ್ಲವಲ್ಲ" ಎಂಬ ಮಾತಿಗೆ ಅರ್ಥವಿಲ್ಲ.

ಅತಿ ಅಪಾಯದ ಗಳಿಗೆ

ಹೊಡೆಯುವವನಿಗೆ ಅಪಾಯ ಎಂದು ಎಲ್ಲರೂ ಬಲ್ಲರು. ಅಳೆದು ಬೆರೆಸುವವನಿಗೆ ಇನ್ನೂ ಹೆಚ್ಚು ಎಂಬುದನ್ನು ಬಲ್ಲವರು ಕಡಿಮೆ. ಲೆಕ್ಕ ಹಾಕಿ ನೋಡೋಣ. ಬಾಟ್ಲಿಯ ಮೇಲೆ '20 ಇ.ಸಿ.' ಎಂದಿದ್ದರೆ ಅದರಲ್ಲಿ ಶೇ. 20ರಷ್ಟು ವಿಷಾಂಶವಿದೆ ಎಂದರ್ಥ. ಉದಾಹರಣೆಗೆ ಲೀಟರ್ ನೀರಿಗೆ 2.5 ಮಿ.ಲೀ. ಬೆರೆಸಿದರೆ ಪಂಪಿನಲ್ಲಿರುವ ದ್ರಾವಣದಲ್ಲಿ ಶೇ. 0.05 ಮಾತ್ರ. ಬಾಟ್ಲಿಯ ಮದ್ದು ಪಂಪಿನ ಮದ್ದಿಗಿಂತ 400 ಪಟ್ಟು ತೀಕ್ಷ್ಣ. ಅಳೆಯುವಾಗ ಒಂದು ಚಮಚ, ಎಂದರೆ 5 ಮಿ.ಲೀ., ಕೈಮೇಲೆ ಚೆಲ್ಲಿದರೆ 2 ಲೀಟರ್ ದ್ರಾವಣ ಮೈಮೇಲೆ ಸುರಿದುಕೊಂಡಷ್ಟು ವಿಷ ಅಂಟಿತು. ಮುಚ್ಚಳದಲ್ಲಿ ಅಳೆದು ಬೆರಳಲ್ಲಿ ಒರೆಸುವ ನಮ್ಮ ಪದ್ಧತಿ ಎಷ್ಟು ಅಪಾಯಕರವೆಂದು ಇನ್ನು ಹೇಳಬೇಕಾಗಿಲ್ಲ.

ಚೀಟಿ ಓದುವ ಬಗೆ

1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಆಹಾರ ತಿಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಆಹಾರ ಪದಾರ್ಥವೂ ಮದ್ದಿನ ಡಬ್ಬಿಗಳೂ ಒಂದೇ ಹಡಗಿನಲ್ಲಿ ಬಂದದ್ದು ಆ ಅನಾಹುತಕ್ಕೆ ಕಾರಣ. ಆ ದುರಂತದ ಪಾಠದಿಂದ ಮುಂದೆ 1968ರ ಕೀಟನಾಶಕ ಕಾಯಿದೆಯೂ 1971ರ ನಿಯಮಗಳೂ ಬಂದವು. ಡಬ್ಬಿಯ ಮೇಲಿನ ಬಣ್ಣದ ಗುರುತು ಆ ನಿಯಮಗಳ ಫಲ.

ಕೆಂಪು: ಅತ್ಯಂತ ವಿಷಕಾರಿ, ತಲೆಬುರುಡೆಯ ಚಿತ್ರವಿರುತ್ತದೆ. ಮಾನೋಕ್ರೋಟೋಫಾಸ್, ಫೋರೇಟ್ ಈ ಗುಂಪು. ಹಳದಿ: ಹೆಚ್ಚು ವಿಷಕಾರಿ. ಕ್ಲೋರ್‌ಪೈರಿಫಾಸ್ 20 ಇ.ಸಿ., ಕ್ವಿನಾಲ್‌ಫಾಸ್ ಇಲ್ಲಿ ಬರುತ್ತವೆ. ನೀಲಿ: ಸಾಧಾರಣ ವಿಷ. ಹಸಿರು: ಅಲ್ಪ ವಿಷ. ಹಳದಿಯೆಂದರೆ ಕೆಂಪಿಗಿಂತ ಕಡಿಮೆ ಎಂದು ಸಮಾಧಾನಪಡುವಂತಿಲ್ಲ. ನಮ್ಮ ಆಳು ಮಲಗಿದ್ದು ಹಳದಿ ಡಬ್ಬಿಯಿಂದಲೇ. ಹಸಿರೂ ಕುಡಿಯುವ ವಸ್ತುವಲ್ಲ.

ಅಡಿಕೆಯ ಬೇರುಹುಳಕ್ಕೆ ಹಿಂದೆ ಫೋರೇಟ್ ಹರಳು ಹಾಕುತ್ತಿದ್ದೆವು. 2018ರ ಕೇಂದ್ರ ಸರ್ಕಾರದ ಆದೇಶದಂತೆ ಅದು 2020ರ ಡಿಸೆಂಬರ್ 31ರಿಂದ ನಿಷೇಧಗೊಂಡಿದೆ. ಹಳೆಯ ಪೊಟ್ಟಣ ಅಟ್ಟದ ಮೇಲೆ ಉಳಿದಿದ್ದರೆ ಮುಗಿಸಿಬಿಡೋಣವೆಂದು ಬಳಸಬೇಡಿ. ಹಳ್ಳಕ್ಕೆ ಎಸೆಯಲೂಬೇಡಿ. ಬೀಗದಲ್ಲಿಟ್ಟು ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ, ಅವರು ಹೇಳಿದಂತೆ ವಿಲೇವಾರಿ ಮಾಡಿ. ಕ್ಲೋರ್‌ಪೈರಿಫಾಸ್‌ಗೆ ಯೂರೋಪ್ ಒಕ್ಕೂಟ 2020ರಲ್ಲಿ ಮಾನ್ಯತೆ ನಿಲ್ಲಿಸಿತು. ನಮ್ಮ ಕಾಫಿಯ ದೊಡ್ಡ ಗಿರಾಕಿಗಳು ಆ ದೇಶಗಳೇ ಎಂಬುದನ್ನೂ ನೆನಪಿಡುವುದು ಒಳ್ಳೆಯದು. ಪಟ್ಟಿ ಬದಲಾಗುತ್ತಿರುತ್ತದೆ. ಆದ್ದರಿಂದ ಪ್ರತಿ ಹಂಗಾಮಿನಲ್ಲೂ ಕಾಫಿ ಮಂಡಳಿಯ ವಿಸ್ತರಣಾ ಅಧಿಕಾರಿಯನ್ನು ಕೇಳಿ, ಆ ಬೆಳೆಗೆ ಶಿಫಾರಸಾದ ಮದ್ದನ್ನೇ, ಶಿಫಾರಸಾದ ಪ್ರಮಾಣದಲ್ಲೇ ತನ್ನಿ.

ತರುವಾಗ, ಇಡುವಾಗ

1. ಅಕ್ಕಿ, ಬೂಸಾ, ಹಿಂಡಿಯ ಜೊತೆ ಒಂದೇ ಗಾಡಿಯಲ್ಲಿ ಮದ್ದು ತರಬಾರದು.

2. ಬೇರೆ ಕೋಣೆ ಅಥವಾ ಬೀಗದ ಪೆಟ್ಟಿಗೆಯಲ್ಲಿಡಬೇಕು. ಬೀಗದ ಕೈ ಯಜಮಾನರಲ್ಲಿರಬೇಕು. ಮನೆಯಲ್ಲಿ ಮನಸ್ಸು ನೊಂದವರು ಸಿಟ್ಟಿನ ಗಳಿಗೆಯಲ್ಲಿ ಕೈಚಾಚುವುದು ಹತ್ತಿರವಿದ್ದ ಬಾಟ್ಲಿಗೇ. ಆ ಗಳಿಗೆ ದಾಟಿಸಿದರೆ ಜೀವ ಉಳಿದೀತು. ಬೀಗದ ಮಹತ್ವ ಅಷ್ಟು.

3. ಅರ್ಧ ಲೀಟರ್ ಸಾಕು ಎಂದು ಪಕ್ಕದವರಿಗೆ ಶರಬತ್ತಿನ, ಸಾರಾಯಿಯ ಬಾಟ್ಲಿಯಲ್ಲಿ ಸುರಿದು ಕೊಡಬಾರದು.

4. ಖಾಲಿ ಡಬ್ಬಿಯನ್ನು ಮೂರು ಬಾರಿ ತೊಳೆದು, ತೊಳೆದ ನೀರನ್ನು ಪಂಪಿಗೇ ಸುರಿದು, ಡಬ್ಬಿಗೆ ತೂತು ಹೊಡೆಯಬೇಕು. ಸೀಮೆಎಣ್ಣೆಗೂ ಬೇಡ, ಕೊಟ್ಟಿಗೆಗೂ ಬೇಡ. 2013ರ ಜುಲೈಯಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಮಾಡಿ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಇತ್ತು. ಮದ್ದಿನ ಹಳೆಯ ಡಬ್ಬಿಯಲ್ಲಿ ಎಣ್ಣೆ ತುಂಬಿಟ್ಟದ್ದೇ ಅದಕ್ಕೆ ಕಾರಣವೆಂದು ಕಂಡುಬಂತು.

ಬೆರೆಸುವಾಗ, ಹೊಡೆಯುವಾಗ

1. ಅಳೆಯಲು ಗುರುತಿರುವ ಅಳತೆ ಲೋಟ, ಕಲಕಲು ಕೋಲು. ನೈಟ್ರೈಲ್ ರಬ್ಬರಿನ ಉದ್ದ ಕೈಗವಸು ಬೇಕು. ಬಟ್ಟೆಯ ಅಥವಾ ಚರ್ಮದ ಕೈಗವಸು ಮದ್ದನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಬರಿಗೈಗಿಂತ ಕೆಟ್ಟದ್ದು.

2. ಬಯಲಿನಲ್ಲಿ, ಬಾವಿಯಿಂದ ದೂರ, ಗಾಳಿಗೆ ಬೆನ್ನು ಕೊಟ್ಟು ಬೆರೆಸಬೇಕು. ಕಣ್ಣಿಗೆ ಕನ್ನಡಕವಿರಲಿ. ಅಳೆಯುವುದೇ ಕಣ್ಣಿಗೆ ಹಾರುವ ಹೊತ್ತು.

3. ಬೋರ್ಡೋ ದ್ರಾವಣದ ಜೊತೆ, ಸುಣ್ಣದ ಜೊತೆ ಬೆರೆಸಬಾರದು. ಕ್ಷಾರದಲ್ಲಿ ಈ ಮದ್ದು ಒಡೆದುಹೋಗುತ್ತದೆ, ಹಣ ನೀರಾಗುತ್ತದೆ. ಸಾಬೂನಿನಿಂದ ತೊಳೆಯಿರಿ ಎನ್ನುವುದಕ್ಕೂ ಈ ಗುಣವೇ ಒಂದು ಕಾರಣ.

4. ತುಂಬುತೋಳಿನ ಅಂಗಿ, ಪ್ಯಾಂಟು, ಗಮ್ ಬೂಟು. ಪ್ಯಾಂಟಿನ ಕಾಲು ಬೂಟಿನ ಹೊರಗಿರಬೇಕು, ಒಳಗಲ್ಲ. ಒಳಗಿದ್ದರೆ ಸುರಿದದ್ದೆಲ್ಲ ಪಾದಕ್ಕೆ. ಬೆನ್ನಿನ ಪಂಪಿನವರು ಬೆನ್ನಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಳ್ಳಲಿ. ಮೂಗಿಗೆ ಕಟ್ಟಿದ ಟವೆಲು ಆವಿಯನ್ನು ತಡೆಯುವುದಿಲ್ಲ. ಒದ್ದೆಯಾದರೆ ಮೂಗಿಗೆ ಮದ್ದಿನ ಪಟ್ಟಿ ಕಟ್ಟಿದಂತೆಯೇ.

5. ಹಿಂದಿನ ದಿನವೇ ಪಂಪಿಗೆ ಬರೀ ನೀರು ತುಂಬಿ ಸೋರುತ್ತದೆಯೇ ನೋಡಿ. ಎರಡು ರೂಪಾಯಿ ವಾಷರಿನ ಉಳಿತಾಯ ನಮಗೆ ಎಷ್ಟರಲ್ಲಿ ಹೋಗಿತ್ತೆಂದು ಮೇಲೆ ಹೇಳಿದ್ದೇವೆ. ನಾಸಲ್ ಕಟ್ಟಿಕೊಂಡರೆ ಬಾಯಿಂದ ಊದಬಾರದು. ತೆಂಗಿನ ಗರಿಯ ಕಡ್ಡಿ ಸಾಕು.

6. ಗಾಳಿ ಬೀಸುವಾಗ, ನಡು ಬಿಸಿಲಿನಲ್ಲಿ ಬೇಡ. ಬೆಳಗಿನ ತಂಪಿನಲ್ಲಿ ಮುಗಿಸಿ. ಕಾಫಿ ಹೂವಾದಾಗ ಜೇನುಹುಳ ಬರುವುದರಿಂದ ಆಗ ಬೇಡವೇ ಬೇಡ.

7. ಕೆಲಸದ ನಡುವೆ ಕವಳ ಹಾಕುವುದು, ಬೀಡಿ ಸೇದುವುದು ಕೂಡದು. ನಮ್ಮವರು ಮದ್ದಿನ ಕೈಯಲ್ಲೇ ಎಲೆಗೆ ಸುಣ್ಣ ಸವರುತ್ತಾರೆ. ನಮ್ಮ ಅಡಿಕೆಯೇ ಆದರೂ ಆ ಹೊತ್ತಿಗೆ ಬೇಡ.

8. ಒಬ್ಬನಿಂದಲೇ ದಿನಗಟ್ಟಲೆ ಹೊಡೆಸಬಾರದು, ಸರದಿ ಹಾಕಿ. ಹದಿನೆಂಟು ತುಂಬದವರು, ಗರ್ಭಿಣಿಯರು, ಎಳೆಮಗುವಿನ ತಾಯಂದಿರು ಬೇಡ.

9. ಮುಗಿದ ಕೂಡಲೇ ಸಾಬೂನು ಹಚ್ಚಿ ಸ್ನಾನ, ಬೇರೆ ಬಟ್ಟೆ. ಮದ್ದಿನ ಬಟ್ಟೆಯನ್ನು ಮನೆಯ ಬಟ್ಟೆಯೊಡನೆ ಒಗೆಯಬಾರದು. ಒಗೆಯುವ ಹೆಂಗಸರಿಗೂ ಕೈಗವಸು ಕೊಡಬೇಕು. ಪಂಪನ್ನು ಹಳ್ಳದಲ್ಲಿ ತೊಳೆದರೆ ಮೀನು ಸಾಯುತ್ತದೆ, ಕೆಳಗಿನ ಮನೆಯವರು ಅದೇ ನೀರು ಕುಡಿಯುತ್ತಾರೆ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ್ ಜಿಲ್ಲೆಯಲ್ಲಿ ಹತ್ತಿಗೆ ಮದ್ದು ಹೊಡೆದ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತರು. ಅವರು ಯಾರೂ ಕುಡಿದವರಲ್ಲ, ಹೊಡೆದವರು.

ವಿಷ ತಗುಲಿದರೆ

ತಲೆನೋವು, ತಲೆಸುತ್ತು, ವಾಕರಿಕೆ ಮೊದಲ ಸೂಚನೆ. ಬಿಸಿಲಿನ ಆಯಾಸಕ್ಕೂ ಇವೇ ಲಕ್ಷಣ. ಮೋಸ ಹೋಗುವುದು ಇಲ್ಲೇ. ಕಣ್ಣಿನ ಪಾಪೆ ನೋಡಿ. ಸಂಜೆಯ ಮಬ್ಬಿನಲ್ಲಿ ಅಗಲವಾಗಬೇಕಾದ ಪಾಪೆ ಸೂಜಿಮೊನೆಯಂತಿದ್ದು, ಜೊಲ್ಲು ಬೆವರು ಹೆಚ್ಚಿದ್ದರೆ ಇದು ಮದ್ದಿನದೇ ಎಂದು ತಿಳಿಯಿರಿ. ಪಾಪೆ ಸರಿಯಿದ್ದ ಮಾತ್ರಕ್ಕೆ ಅಪಾಯವಿಲ್ಲವೆಂದು ಭಾವಿಸಬೇಡಿ. ಮದ್ದು ಹೊಡೆದ ದಿನ ಯಾರಿಗೆ ಸುಸ್ತಾದರೂ ಮದ್ದೆಂದೇ ಎಣಿಸಿ.

ಮೊದಲು ತೋಟದಿಂದ ಹೊರಗೆ ತಂದು, ಬಟ್ಟೆ ಪೂರ್ತಿ ಬಿಚ್ಚಿಸಿ. ನಾಚಿಕೆಗೆ ಇದು ಹೊತ್ತಲ್ಲ. ಸಾಬೂನು, ಧಾರಾಳ ನೀರಿನಿಂದ ತಲೆಗೂದಲು, ಕಂಕುಳು, ಉಗುರಿನ ಸಂದು ಬಿಡದೆ ತೊಳೆಯಿರಿ. ಕಣ್ಣಿಗೆ ಬಿದ್ದಿದ್ದರೆ ಕಾಲು ಗಂಟೆ ಶುದ್ಧ ನೀರು ಹಾಯಿಸಿ. ತೊಳೆಯುವವರೂ ಕೈಗವಸು ಹಾಕಿರಬೇಕು. ಅಷ್ಟರಲ್ಲಿ ಮತ್ತೊಬ್ಬರು 108ಕ್ಕೆ ಫೋನು ಮಾಡಲಿ, ಇಲ್ಲವೇ ವಾಹನ ಹೊರಡಿಸಲಿ. ಎಡ ಮಗ್ಗುಲಿಗೆ ಮಲಗಿಸಿ, ಬಾಯಲ್ಲಿ ಜೊಲ್ಲು ನಿಲ್ಲದಂತೆ ನೋಡಿಕೊಳ್ಳಿ.

ಉಪ್ಪುನೀರು, ಹುಣಸೆನೀರು, ಸೆಗಣಿನೀರು ಕುಡಿಸಿ ವಾಂತಿ ಮಾಡಿಸಬಾರದು. ಇ.ಸಿ. ಮದ್ದಿನಲ್ಲಿ ದ್ರಾವಕ ಎಣ್ಣೆಯಿರುವುದರಿಂದ ವಾಂತಿ ಶ್ವಾಸಕೋಶಕ್ಕೆ ಹೋದರೆ ಎರಡನೆಯ ಅಪಾಯ. ನಾವು ಕೊಡಿಸಿದ ಮಜ್ಜಿಗೆಯೂ ತಪ್ಪೇ.

ಡಬ್ಬಿಯ ಚೀಟಿ ಜೊತೆಯಲ್ಲಿ ಒಯ್ಯಿರಿ. ಆಸ್ಪತ್ರೆಯಲ್ಲಿ ಅಟ್ರೋಪಿನ್ ಚುಚ್ಚುಮದ್ದು ಕೊಟ್ಟು ಎದೆಯ ಕಫ ಒಣಗಿಸುತ್ತಾರೆ. ಕಿಣ್ವವನ್ನು ಬಿಡಿಸಲು ಪ್ರಾಲಿಡಾಕ್ಸಿಮ್ ಎಂಬ ಔಷಧವಿದೆ. ಹೊತ್ತು ಕಳೆದಂತೆ ವಿಷದ ಹಿಡಿತ ಬಿಗಿಯಾಗಿ ಅದು ಕೆಲಸ ಮಾಡದು. ಬೇಗ ಹೋಗಬೇಕೆನ್ನುವುದು ಅದಕ್ಕೇ. ಇನ್ನೊಂದು ಮಾತು: ಒಂದು ದಿನಕ್ಕೆ ಹುಷಾರಾದನೆಂದು ಬಿಡಿಸಿಕೊಂಡು ಬರಬೇಡಿ. ಒಂದರಿಂದ ನಾಲ್ಕು ದಿನದೊಳಗೆ ಕತ್ತು, ಉಸಿರಾಟದ ಸ್ನಾಯುಗಳು ಮತ್ತೆ ಸೋಲುವುದುಂಟು. ವೈದ್ಯರು ಹೇಳುವವರೆಗೂ ಇರಬೇಕು. ಮನೆಗೆ ಬಂದ ಮೇಲೂ ಕೆಲವು ವಾರ ಮದ್ದಿನ ಹತ್ತಿರ ಬಿಡಬಾರದು.

ಕೊನೆಯ ಮಾತು

ಮದ್ದು ಬೇಡವೆಂದು ನಾವು ಹೇಳುತ್ತಿಲ್ಲ. ಕಾಂಡಕೊರಕ ಹೊಕ್ಕ ಗಿಡವನ್ನು ಕಿತ್ತು ಸುಟ್ಟ ನೋವು ನಮಗೂ ಗೊತ್ತು. ಆದರೆ ಹದವಾದ ನೆರಳು, ಕೊರಕ ಹಿಡಿದ ಗಿಡ ಗುರುತಿಸಿ ಕಿತ್ತು ಸುಡುವುದು, ಕಾಯಿಕೊರಕಕ್ಕೆ ಉದುರು ಕಾಯಿ ಆರಿಸುವುದು, ಬೇರುಹುಳದ ದುಂಬಿಗಳನ್ನು ಮುಂಗಾರಿನ ಸಂಜೆ ಹಿಡಿದು ಕೊಲ್ಲುವುದು, ಇವನ್ನು ಮಾಡಿದಷ್ಟೂ ಮದ್ದಿನ ಡಬ್ಬಿ ತೆರೆಯುವ ದಿನ ಕಡಿಮೆಯಾಗುತ್ತದೆ.

ಆ ಘಟನೆಯ ನಂತರ ನಮ್ಮ ತೋಟದಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ. ಅಳೆದು ಬೆರೆಸುವ ಕೆಲಸವನ್ನು ಆಳಿಗೆ ಬಿಡುವುದಿಲ್ಲ. ಕೈಗವಸು ಹಾಕಿ ನಾವೇ ಮಾಡುತ್ತೇವೆ. ಅದರಿಂದ ಎರಡು ಲಾಭವಾಯಿತು. ಮದ್ದು ಚೆಲ್ಲುವುದು ನಿಂತಿತು. ಹೊಡೆಯುವವನ ಬೆನ್ನು ಒದ್ದೆಯಾಗಿದೆಯೇ ಎಂದು ಪ್ರತಿ ಸಲ ಪಂಪು ತುಂಬುವಾಗ ನಮ್ಮ ಕಣ್ಣಿಗೇ ಬೀಳುತ್ತದೆ. ಆಳು ಪೇಟೆಯಿಂದ ತಂದ ಮದ್ದಲ್ಲ ಅದು, ನಾವು ತಂದದ್ದು. ಅದರ ಹೊಣೆಯೂ ನಮ್ಮದೇ.

ಸದಸ್ಯರು ಈ ಪುಟವನ್ನು ಕತ್ತರಿಸಿ ಮದ್ದಿನ ಕೋಣೆಯ ಬಾಗಿಲಿಗೆ ಅಂಟಿಸಬೇಕಾಗಿಯೂ, ಓದು ಬಾರದ ಆಳುಗಳಿಗೆ ಓದಿ ಹೇಳಬೇಕಾಗಿಯೂ ವಿನಂತಿ.

— ಕಾರ್ಯದರ್ಶಿ